ಒಬ್ಬೇಕಿನೇ ತಿರುಗಲಿಕ್ಕ ಕೋಪನ್‌ಹೇಗನ್ನೇ ಬೇಕೇನು?

1/10
ಫೋಟೋದಾಗ ಇರೋದು ನನ್ನ ಕಾಲೇಜ್ ಬ್ಯಾಗು. ಒಳಗ ಎರಡು ಜೊತಿ ಬಟ್ಟಿ, ಚಾರ್ಜರ್, ನೀರಿನ ಬಾಟ್ಲಿ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಹಿಂದ ಕಾಣಲತ್ತಿರೋದು ಕಮಲಾಪುರದ ಬಸ್ ಸ್ಟ್ಯಾಂಡು.

ನಮ್ಮ ಕ್ಲಾಸ್ ಗ್ರೂಪಿನಾಗ ಬಂದ ಆ ರೀಲ್ ನಿಮಗೆಲ್ಲ ನೆನಪದ. ಒಬ್ಬ ಹುಡುಗಿ, ಬೆನ್ನಿಗೊಂದು ಬ್ಯಾಗು, ಕೋಪನ್‌ಹೇಗನ್‌ನಾಗ ನಾಲ್ಕು ದಿನ. ಕಾಲುವಿ ದಂಡಿಗೆ ಕುಂತು ಕಾಫಿ ಕುಡೀತಾಳ, ಸೈಕಲ್ ಬಾಡಿಗಿ ತಗೋತಾಳ, ರಾತ್ರಿ ಹನ್ನೊಂದಕ್ಕ ಒಬ್ಬೇಕಿನೇ ನಡಕೋತ ರೂಮಿಗೆ ಹೋಗ್ತಾಳ. ಅದರ ಕೆಳಗ ನಾವೆಲ್ಲ ಒಬ್ಬರನ್ನೊಬ್ಬರು ಟ್ಯಾಗ್ ಮಾಡಿದ್ದೇ ಮಾಡಿದ್ದು. "ಲೈಫ್ ಅಂದ್ರ ಇದು." "ಒಂದಿನ ಹೋಗೋಣ." ನಾನೂ ಸೇವ್ ಮಾಡಿಟ್ಟೀನಿ, ಸುಳ್ಳು ಹೇಳಂಗಿಲ್ಲ.

ಅದೇ ವಾರ ನಾ ಸ್ಟೋರಿ ಹಾಕಿದೆ: "ಮೂರು ದಿನ ಕಲಬುರಗಿ ತಿರುಗತೀನಿ, ಒಬ್ಬೇಕಿನೇ." ಬಂದ ಉತ್ತರ ಏನು ಗೊತ್ತೇನು? ನಗೋ ಇಮೋಜಿ. "ಕಲಬುರಗಿಯಾಗ ಮೂರು ದಿನ ಏನ್ ನೋಡ್ತಿ? ಸೂಪರ್ ಮಾರ್ಕೆಟಾ?"

ಈ ಹತ್ತು ಪೋಸ್ಟು ಆ ನಗುವಿಗೆ ಉತ್ತರ. ಸಿಟ್ಟಿನಿಂದ ಬರೆದೀನಿ. ಕಡೀತನಕ ಓದಿ ಆಮೇಲೆ ಜಗಳಾಡ್ರಿ.

2/10
ಮೊದಲು ಲೆಕ್ಕ ಮಾಡೋಣ, ಯಾಕಂದ್ರ ರೀಲಿನಾಗ ಲೆಕ್ಕ ತೋರಸಂಗಿಲ್ಲ.

ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಯಾವುದಕ್ಕೆ ಹೋಗಬೇಕಂದ್ರೂ ನಮಗೆ ಷೆಂಗೆನ್ ವೀಸಾ ಬೇಕು. 2024ರ ಜೂನ್‌ನಿಂದ ಅದರ ಶುಲ್ಕ ದೊಡ್ಡವರಿಗೆ 90 ಯೂರೋ. ನಮ್ಮ ದುಡ್ಡಿನಾಗ ಒಂಬತ್ತು ಸಾವಿರದ ಆಸುಪಾಸು. ವೀಸಾ ಸಿಗಲಿಲ್ಲ ಅಂದ್ರ ಆ ರೊಕ್ಕ ವಾಪಸ್ ಬರಂಗಿಲ್ಲ. ಜೊತಿಗೆ ಕನಿಷ್ಠ 30,000 ಯೂರೋ ಖರ್ಚು ಭರಿಸೋ ವೈದ್ಯಕೀಯ ವಿಮೆ, ಬ್ಯಾಂಕ್ ಖಾತೆಯ ವಿವರ, ಹೋಗಿಬರೋ ಟಿಕೆಟ್ಟಿನ ಬುಕಿಂಗು. ಅಂದ್ರ ನೀವು ವಾಪಸ್ ಬರೋರು, ಅಲ್ಲೇ ಉಳಿಯೋರಲ್ಲ ಅಂತ ನೀವೇ ರುಜುವಾತು ಮಾಡಬೇಕು.

ಹೋಗಬ್ಯಾಡ್ರಿ ಅಂತ ನಾ ಹೇಳಲತ್ತಿಲ್ಲ. ಹೋಗ್ರಿ. ದುಡೀರಿ, ಕೂಡಿಸ್ರಿ, ಹೋಗ್ರಿ, ನಾನೂ ಹೋಗ್ತೀನಿ. ನಾ ಕೇಳೋದು ಇಷ್ಟ: ಆ ದಿನ ಬರೋದರೊಳಗ ಏನು ಮಾಡ್ತೀರಿ? ಹತ್ತು ವರ್ಷ ಫೋನ್ ನೋಡಕೋತ ಕೂಡ್ತೀರೇನು? ಸ್ವಾತಂತ್ರ್ಯ ಅನ್ನೋದು ವೀಸಾದ ಮ್ಯಾಲೆ ಠಸ್ಸಿ ಬಿದ್ದ ಮ್ಯಾಲೇ ಶುರು ಆಗ್ತದೇನು? ಒಬ್ಬೇಕಿನೇ ನಡೆಯೋದನ್ನ ಕಲಬುರಗಿಯಾಗ ಕಲೀದ ಹುಡುಗಿ ಕೋಪನ್‌ಹೇಗನ್ ವಿಮಾನ ನಿಲ್ದಾಣದಾಗ ಇಳಿದ ಕೂಡಲೇ ಕಲಿತುಬಿಡ್ತಾಳೇನು?

3/10
ಈ ಫೋಟೋ ಶೂನ್ಯ ಟಿಕೆಟ್ಟಿಂದು. ಶಕ್ತಿ ಯೋಜನೆ, 2023ರ ಜೂನ್ 11ರಿಂದ. ಕಮಲಾಪುರದಿಂದ ಕಲಬುರಗಿಗೆ ನನ್ನ ಪ್ರಯಾಣದ ಖರ್ಚು ಸೊನ್ನೆ ರೂಪಾಯಿ.

ಟಿಕೆಟ್ಟಿಗಿಂತ ತುಟ್ಟಿ ಬಿದ್ದದ್ದು ಬ್ಯಾರೇನೇ ಅದ. ಮನ್ಯಾಗ ಅಪ್ಪ ಒಂದೇ ಪ್ರಶ್ನೆ ಕೇಳಿದ: "ಯಾರ ಜೋಡಿ?"

ಯಾರ ಜೋಡಿನೂ ಅಲ್ಲಪಾ, ಒಬ್ಬೇಕಿನೇ ಅಂದೆ. ಅಪ್ಪ ಸಿಟ್ಟಾಗಲಿಲ್ಲ. ಗಾಬರಿ ಆದ. "ಯಾಕ? ಯಾರರೇ ಏನರೇ ಅಂದ್ರೇನು?" ಅಂತ ಕೇಳಿದ. ಕಾಲೇಜಿಗೆ ಮೂರು ವರ್ಷದಿಂದ ದಿನಾ ಅಪ್-ಡೌನ್ ಮಾಡ್ತೀನಿ, ಅದಕ್ಕ ಯಾರೂ ಯಾರ ಜೋಡಿ ಅಂತ ಕೇಳಿಲ್ಲ. ಕೆಲಸಕ್ಕ ಹೋಗೋ ಹುಡುಗಿಗಿ ದಾರಿ ಅದ. ಸುಮ್ನ ಊರು ನೋಡಲಿಕ್ಕ ಹೋಗೋ ಹುಡುಗಿಗಿ ದಾರಿ ಇಲ್ಲ. ವ್ಯತ್ಯಾಸ ಇಷ್ಟೇ.

ನಿಮ್ಮ ಮನ್ಯಾಗೂ ಹಿಂಗೇ ಅದ ಅಂತ ನನಗ ಗೊತ್ತದ. ಅದಕ್ಕೇ ನಾವು ಆ ರೀಲ್ ಅಷ್ಟು ಪ್ರೀತಿಯಿಂದ ನೋಡಿದ್ದು. ಕಾಲುವಿ ಚಂದ ಅದ ಅಂತ ಅಲ್ಲ. ಆಕೀಗಿ ಯಾರೂ "ಯಾರ ಜೋಡಿ?" ಅಂತ ಕೇಳಲಿಲ್ಲ ಅಂತ.

4/10
ಮೊದಲನೇ ದಿನ, ಕೋಟಿ.

ಒಂದು ಮಾತು ಮೊದಲೇ ಸ್ಪಷ್ಟ ಮಾಡ್ತೀನಿ. ಕೋಪನ್‌ಹೇಗನ್ ರಾಜಧಾನಿ ಅಂತ ನಾವು ಬಾಯಿ ಬಿಡ್ತೀವಿ. ನಾವು ದಿನಾ ಬಸ್ ಇಳಿಯೋ ಊರೂ ರಾಜಧಾನಿನೇ ಆಗಿತ್ತು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಅದರ ಗದ್ದುಗೆ ಇದ್ದದ್ದು ಇಲ್ಲಿ. ಮುಂದ ರಾಜಧಾನಿ ಬೀದರಿಗೆ ಹೋಗೋತನಕ, ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಕಾಲ, ದಖ್ಖನ್ನಿನ ದೊಡ್ಡ ಭಾಗ ಆಳಿದ್ದು ಇದೇ ಊರು.

ಕೋಟಿ ಒಳಗಿನ ಜಾಮಿ ಮಸೀದಿ 1367ರದು. ಕಟ್ಟಿದ ರಫಿ ಅನ್ನೋನು ಇರಾನಿನ ಕಜ್ವೀನ್ ಕಡೆಯವನು. ಬ್ಯಾರೆ ದೊಡ್ಡ ಮಸೀದಿಗಳಿಗೆ ನಡುವೆ ತೆರೆದ ಅಂಗಳ ಇರ್ತದ, ಇದಕ್ಕಿಲ್ಲ. ಪೂರ್ತಿ ಛಾವಣಿ, ಮ್ಯಾಲೆ ಸಾಲುಸಾಲು ಸಣ್ಣ ಗುಮ್ಮಟ. ಒಳಗ ಹೋಗಿ ಒಂದು ಕಂಬದ ಬುಡಕ್ಕ ನಿಂತು ನೋಡ್ರಿ, ಕಮಾನಿನೊಳಗ ಕಮಾನು, ಅದರೊಳಗ ಇನ್ನೊಂದು, ಕಣ್ಣು ಹೋದಷ್ಟು ದೂರ. ಹೊರಗ ಉರಿಬಿಸಿಲು, ಒಳಗ ತಂಪು. ನಾ ಅಲ್ಲಿ ಒಂದು ತಾಸು ಕುಂತೆ. ನನ್ನ ಬಿಟ್ರ ಇನ್ನಿಬ್ಬರೇ ಇದ್ದರು.

ಈಗ ಸ್ಟಾಕ್‌ಹೋಮ್ ಕತಿ ಕೇಳ್ರಿ. ಅಲ್ಲಿ ವಾಸಾ ಅಂತ ಒಂದು ಯುದ್ಧದ ಹಡಗು. 1628ರಲ್ಲಿ ಮೊದಲ ಸಲ ಹೊಂಟ ದಿನಾನೇ, ಬಂದರು ದಾಟೋದರೊಳಗ ಮುಳುಗಿತು. 333 ವರ್ಷ ನೀರಾಗಿತ್ತು. 1961ರಲ್ಲಿ ಎತ್ತಿದರು, ವರ್ಷಗಟ್ಟಲೆ ಔಷಧ ಸಿಂಪಡಿಸಿ ಕಟ್ಟಿಗಿ ಉಳಿಸಿದರು, ಅದಕ್ಕಂತಲೇ ಮ್ಯೂಸಿಯಂ ಕಟ್ಟಿದರು. ಇವತ್ತು ಜಗತ್ತೆಲ್ಲ ಟಿಕೆಟ್ ತಗೊಂಡು ನೋಡ್ತದ. ಮುಳುಗಿದ ಹಡಗನ್ನ ಅವರು ಹಂಗ ನೋಡಿಕೊಂಡರು. ನಾವು ಮುಳುಗದೇ ನಿಂತಿರೋ ಕಟ್ಟಡಕ್ಕ ಬೆನ್ನು ಮಾಡಿ ಸೆಲ್ಫಿ ತಗೊಂಡು ಹೊರಗ ಬರ್ತೀವಿ.

5/10
ಈ ಪೋಸ್ಟಿಗೆ ಫೋಟೋ ಕಪ್ಪು. ಬೇಕಂತಲೇ.

ಮೊದಲನೇ ದಿನ ಮಧ್ಯಾಹ್ನ ನನಗ ಶೌಚಾಲಯ ಬೇಕಾಯ್ತು. ನಾ ಇದ್ದ ಕಡೆ ಇದ್ದದ್ದಕ್ಕ ಕೀಲಿ ಹಾಕಿತ್ತು. ಕೀಲಿ ಯಾರ ಹತ್ರ ಅದ ಅಂತ ಕೇಳಿದ್ರ, "ಊಟಕ್ಕ ಹೋಗ್ಯಾರವ್ವಾ" ಅಂದ್ರು. ಅಲ್ಲಿಂದ ಸಂಜಿತನಕ ನಾ ನೀರು ಕುಡೀಲಿಲ್ಲ. ಈ ಸಾಲು ಓದೋ ಹುಡುಗ್ಯಾರಿಗೆ ಹೆಚ್ಚು ವಿವರಿಸೋದು ಬೇಕಿಲ್ಲ. ಹುಡುಗರೇ, ನೀವು ಇನ್ನೊಮ್ಮೆ ಓದ್ರಿ: ಬಿಸಿಲಿನಾಗ ತಿರುಗೋ ಮನುಷ್ಯಳು ಬೇಕಂತಲೇ ನೀರು ಕುಡೀಲಿಲ್ಲ.

ಸಂಜಿಗೆ ಒಂದು ಲಾಡ್ಜಿಗೆ ಹೋದೆ. ಆಧಾರ್ ಕಾರ್ಡ್ ಅದ, ಮುಂಗಡ ರೊಕ್ಕ ಅದ, ವಯಸ್ಸು ಇಪ್ಪತ್ತೊಂದು. ಕೌಂಟರಿನಾಗ ಕುಂತ ಕಾಕಾ ಕಾರ್ಡ್ ತಿರುಗಿಸಿ ನೋಡಿ, "ಒಬ್ಬೇಕೀಗಿ ಕೊಡಂಗಿಲ್ಲವ್ವಾ, ಮನ್ಯಾಗಿನವರಿಗಿ ಕರಕೊಂಡು ಬಾ" ಅಂದ. ಲಾಡ್ಜಿನ ಹೆಸರು ಕೇಳಬ್ಯಾಡ್ರಿ, ಒಂದೇ ಲಾಡ್ಜಿನ ಮಾತಲ್ಲ ಇದು. ಆತ ಕೆಟ್ಟವನೂ ಅಲ್ಲ, ಕುಡಿಯಲಿಕ್ಕ ನೀರು ಕೊಟ್ಟ. ನನ್ನ ರಕ್ಷಣಾ ಮಾಡಲತ್ತೀನಿ ಅಂತ ಆತನ ನಂಬಿಕಿ. ಆದ್ರ ಲೆಕ್ಕ ನೋಡ್ರಿ. ರಾತ್ರಿ ಏಳೂವರಿಗೆ ಒಬ್ಬ ಹುಡುಗೀನ್ನ ಬೀದಿಗೆ ಕಳಿಸಿದ್ದು ಯಾವ ರಕ್ಷಣಾ?

ಅತ್ತಿ ಮನ್ಯಾಗ ಮಲಗಿದೆ. ಹೌದು, ನನ್ನ "ಸೋಲೋ ಟ್ರಿಪ್"ನ ಎರಡೂ ರಾತ್ರಿ ಅತ್ತಿ ಮನ್ಯಾಗ. ನಗ್ರಿ. ಊರಾಗ ಅತ್ತಿ ಇಲ್ಲದ ಹುಡುಗಿ ಏನು ಮಾಡಬೇಕು ಅನ್ನೋದಕ್ಕ ಉತ್ತರ ಹೇಳಿ ನಗ್ರಿ.

6/10
ಈಗ ಬರ್ತದ ನಿಮ್ಮ ಮಾತು: "ಅದಕ್ಕೇ ಹೇಳಿದ್ದು, ಇಲ್ಲೆಲ್ಲ ಆಗಂಗಿಲ್ಲ. ಅಲ್ಲಿ ಜನಾನೇ ಬ್ಯಾರೆ."

ಇಲ್ಲೇ ನನ್ನ ಖರೇ ಜಗಳ ಇರೋದು. "ಜನಾನೇ ಬ್ಯಾರೆ" ಅನ್ನೋದು ಸುಳ್ಳು, ಮ್ಯಾಲಾಗಿ ಸೋಮಾರಿ ಸುಳ್ಳು.

ಆ ರೀಲಿನಾಗ ಹುಡುಗಿ ನಡೀತಾಳಲ್ಲ, ಅಂಗಡಿ ಸಾಲಿನ ಉದ್ದನೇ ರಸ್ತಾ, ಗಾಡಿ ಇಲ್ಲದ್ದು? ಅದರ ಹೆಸರು ಸ್ಟ್ರೋಯೆಟ್. 1962ರ ತನಕ ಅದು ಕಾರುಗಳಿಂದ ತುಂಬಿ ತುಳುಕೋ ರಸ್ತಾ. ಆ ವರ್ಷ ಪ್ರಯೋಗ ಅಂತ ಕಾರು ಬಂದ್ ಮಾಡಿದರು. ಅಂಗಡಿಯವರು ಎದ್ದು ನಿಂತರು: ಧಂದೆ ಮುಳುಗ್ತದ, ನಾವೇನು ಇಟಲಿಯವರೇನು, ಈ ಥಂಡ್ಯಾಗ ಯಾರು ಬೀದ್ಯಾಗ ನಡೀತಾರ ಅಂತ. ಪ್ರಯೋಗ ಮುಂದುವರೀತು, 1964ರಲ್ಲಿ ಕಾಯಂ ಆಯ್ತು. ಧಂದೆ ಮುಳುಗಲಿಲ್ಲ. ಅಂದ್ರ ಡೆನ್ಮಾರ್ಕಿನವರೂ ಒಂದು ಕಾಲಕ್ಕ "ನಮ್ಮ ಜನಕ್ಕ ಇದೆಲ್ಲ ಆಗಂಗಿಲ್ಲ" ಅಂದವರೇ.

ಅದೇ ಉತ್ತರದ ಐಸ್‌ಲ್ಯಾಂಡ್ ನೋಡ್ರಿ. 1975ರ ಅಕ್ಟೋಬರ್ 24ರಂದು ಅಲ್ಲಿನ ಹೆಂಗಸರು, ನೂರಕ್ಕ ತೊಂಬತ್ತರಷ್ಟು ಮಂದಿ, ಆಫೀಸು, ಕಾರ್ಖಾನಿ, ಅಡಗಿಮನಿ ಎಲ್ಲಾ ಬಿಟ್ಟು ಹೊರಗ ಬಂದರು. ರಾಜಧಾನಿ ರೇಕ್ಯಾವಿಕ್ಕಿನ ಚೌಕ ತುಂಬಿಹೋಯ್ತು. ದೇಶ ಒಂದು ದಿನ ನಿಂತೇಬಿಟ್ಟಿತು. ಮರುವರ್ಷ ಸಮಾನ ಹಕ್ಕಿನ ಕಾನೂನು ಬಂತು, ಐದು ವರ್ಷಕ್ಕ ಒಬ್ಬ ಹೆಣ್ಣುಮಗಳು ರಾಷ್ಟ್ರಾಧ್ಯಕ್ಷೆಯಾಗಿ ಆರಿಸಿ ಬಂದಳು. ಅಲ್ಲಿ ಹೆಣ್ಮಕ್ಕಳಿಗೆ ಈಗ ತೊಂದ್ರಿನೇ ಇಲ್ಲ ಅಂತ ನಾ ಹೇಳಲತ್ತಿಲ್ಲ. ಇದ್ದದ್ದು ಹುಲ್ಲು ಬೆಳೆದಂಗ ತಾನೇ ಬೆಳೆದದ್ದಲ್ಲ ಅಂತ ಹೇಳಲತ್ತೀನಿ.

ನಮಗೂ ಇದು ಹೊಸದಲ್ಲ. ನಮ್ಮ ಕ್ಲಾಸಿನಾಗ ಅರ್ಧ ಮಂದಿ ಸೀಟು ಹಿಡಿದದ್ದು 371(ಜೆ) ಪ್ರಮಾಣಪತ್ರ ತೋರಿಸಿ. ಅದನ್ನ ಯಾರೂ ತಟ್ಟೆಯಾಗ ಇಟ್ಟು ಕೊಡಲಿಲ್ಲ. ನಮ್ಮ ಹಿರೇರು ವರ್ಷಗಟ್ಟಲೆ ಬೀದಿಗಿಳಿದು ಕೇಳಿದ ಮ್ಯಾಲೆ 2012ರಲ್ಲಿ ಸಂವಿಧಾನ ತಿದ್ದುಪಡಿ ಆಯ್ತು. ಸೀಟು ಕೇಳಿ ಪಡೆದ ನಾಡಿನ ಮಕ್ಕಳು ಒಂದು ಶೌಚಾಲಯದ ಕೀಲಿ ಕೇಳಲಿಕ್ಕ ಆಗಂಗಿಲ್ಲೇನು?

7/10
ಎರಡನೇ ದಿನ, ಮೂರನೇ ದಿನ. ಇಲ್ಲಿ ಸಿಟ್ಟು ಕಮ್ಮಿ, ಫೋಟೋ ಜಾಸ್ತಿ.

ಮುಂಜಾನಿ ಬಂದೇ ನವಾಜ್ ದರ್ಗಾ. 1422ರಲ್ಲಿ ನೂರು ದಾಟಿದ ವಯಸ್ಸಿನಾಗ ತೀರಿಕೊಂಡ ಸೂಫಿ ಸಂತ, ದಿಲ್ಲಿ ಬಿಟ್ಟು ಬಂದು ಈ ಊರಿನವರೇ ಆದವರು. ಅಂಗಳದಾಗ ಕುಂತ್ರ ಯಾರೂ ಏನೂ ಕೇಳಲಿಲ್ಲ, ಒಬ್ಬ ಅಜ್ಜಿ ಸಕ್ಕರಿ ಕೊಟ್ಟಳು. ಈ ಮೂರು ದಿನದಾಗ ನನಗ "ಯಾರ ಜೋಡಿ ಬಂದಿ?" ಅಂತ ಕೇಳದ ಜಾಗ ಎರಡೇ ಎರಡು. ಒಂದು ದರ್ಗಾ, ಇನ್ನೊಂದು ಶರಣಬಸಪ್ಪನ ಗುಡಿ. ಭಕ್ತಿಗೆ ಬಂದಾಕಿ ಅಂತ ತಿಳಕೊಂಡಿರಬೇಕು. ಇರಲಿ. ಅಲ್ಲಿ ಕುಂತಾಗ ಸಿಕ್ಕ ಸಮಾಧಾನ ಖರೇದು.

ದರ್ಗಾದಿಂದ ನಡೆದು ಹಫ್ತ್ ಗುಂಬಜ್. ಬಹಮನಿ ಅರಸರ ಸಮಾಧಿಗಳು. ಫಿರೋಜ್ ಶಹಾನ ಸಮಾಧಿ ಎಲ್ಲಕ್ಕಿಂತ ದೊಡ್ಡದು, ಅದರ ಗಿಲಾವಿನ ಕುಸುರಿ ಹತ್ರ ಹೋಗಿ ನೋಡ್ರಿ. ಸಂಜಿಗೆ ಬುದ್ಧವಿಹಾರ, 2009ರಲ್ಲಿ ಉದ್ಘಾಟನೆ ಆದದ್ದು. ಆಮೇಲೆ ಅಪ್ಪನ ಕೆರಿ ದಂಡಿ, ಮಿರ್ಚಿ ಭಜಿ, ಚಹಾ. ಕಾಲುವಿ ದಂಡಿ ಕಾಫಿಗಿಂತ ಕಮ್ಮಿ ಏನಿಲ್ಲ.

ಮೂರನೇ ದಿನ ಸೇಡಂ ಬಸ್ಸು ಹತ್ತಿ ಮಳಖೇಡ. ಇನ್ನೊಂದು ರಾಜಧಾನಿ! ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದಾಗ ನಮಗೆ ಸಿಕ್ಕಿರೋ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಇಲ್ಲಿನ ಅಮೋಘವರ್ಷನ ಆಸ್ಥಾನದಾಗ, 9ನೇ ಶತಮಾನದಲ್ಲಿ. ಅದೇ ಕಾಲದ ಅರಬ್ ವ್ಯಾಪಾರಿಗಳ ಬರಹ ಇಲ್ಲಿನ ಅರಸನನ್ನ ಜಗತ್ತಿನ ನಾಲ್ಕು ದೊಡ್ಡ ರಾಜರ ಸಾಲಿನಾಗ ಎಣಿಸ್ತದ. ಕಾಗಿಣಾ ದಂಡಿ ಮ್ಯಾಲಿನ ಕೋಟ್ಯಾಗ ನಾ ಹೋದಾಗ ಮೇಕಿ ಮೇಯಲತ್ತಿದ್ದವು.

ಇನ್ನೊಬ್ಬನ ಕತಿ ಹೇಳ್ತೀನಿ. ಅಫನಾಸಿ ನಿಕಿತಿನ್ ಅಂತ, ರಷ್ಯಾದ ತ್ವೇರ್ ಊರಿನ ವ್ಯಾಪಾರಿ. ದಾರ್ಯಾಗ ಸಾಮಾನು ಲೂಟಿ ಆಯ್ತು, ಜುನ್ನರದಾಗ ಕುದುರಿ ಕಸಗೊಂಡರು, ಆಮೇಲೆ ವಾಪಸ್ ಕೊಟ್ಟರು. ಎದಿಗುಂದಲಿಲ್ಲ. 1470ರ ಹೊತ್ತಿಗೆ ಬೀದರ್ ಮುಟ್ಟಿದ. ಆತನ ಟಿಪ್ಪಣಿಯಾಗ ಬೀದರ್ ಅದ, ನಮ್ಮ ಕಲಬುರಗಿ ಹೆಸರೂ ಅದ. ಐದೂವರಿ ನೂರು ವರ್ಷದ ಹಿಂದ ಉತ್ತರದ ಥಂಡಿ ದೇಶದಿಂದ ಒಬ್ಬ ಒಂಟಿ ಮನುಷ್ಯ ನಮ್ಮ ಕಡೆ ನೋಡಲಿಕ್ಕ ಬಂದಿದ್ದ. ಮೂವತ್ತೆಂಟು ಕಿಲೋಮೀಟರ್ ಆಚೀ ಕಮಲಾಪುರದಾಕಿಗೆ ಅದನ್ನ ನೋಡಲಿಕ್ಕ ಮೂರು ವರ್ಷ ಬೇಕಾಯ್ತು.

8/10
ಇನ್ನೊಂದು ಗುಂಪು ಅದ, ಅವರಿಗೂ ಎರಡು ಮಾತು. "ನಮ್ಮೂರೇ ಸ್ವರ್ಗ, ಫಾರಿನ್ ಯಾಕ ಬೇಕು?" ಅನ್ನೋರು. ನನ್ನ ಸ್ಟೋರಿ ಶೇರ್ ಮಾಡಿ "ಹೆಮ್ಮೆಯ ಕಲಬುರಗಿ" ಅಂತ ಬರೆದವರು.

ನಾ ನಿಮ್ಮ ಪಾರ್ಟಿ ಅಲ್ಲ. ಹೆಮ್ಮಿ ಪಟ್ಟರ ಶೌಚಾಲಯದ ಕೀಲಿ ತೆರೆಯಂಗಿಲ್ಲ. ಇಲ್ಲಿನ ಬಹಮನಿ ಸ್ಮಾರಕಗಳು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಾಗ ಅದಾವ. ಬೀದರ್, ವಿಜಯಪುರ, ಹೈದರಾಬಾದಿನ ಸ್ಮಾರಕಗಳ ಜೋಡಿ. ತಾತ್ಕಾಲಿಕ ಅಂದ್ರ ಹತ್ತು ವರ್ಷ ಮೀರಿದ ತಾತ್ಕಾಲಿಕ. ಕೋಟಿ ಒಳಗ ತಲೆಮಾರುಗಳಿಂದ ಸಂಸಾರ ಮಾಡಿರೋ ಮಂದಿ ಅದಾರ, ಅವರ ವಿಷಯ ಕೋರ್ಟ್ ಮೆಟ್ಟಿಲು ಹತ್ತಿದೆ. ಅವರಿಗೊಂದು ಮರ್ಯಾದಿಯ ಮನಿ, ಕೋಟಿಗೊಂದು ರಕ್ಷಣಾ, ಎರಡೂ ಒಟ್ಟಿಗೆ ಬೇಕು ಅಂತ ಕೇಳೋದು ಹೆಮ್ಮಿಗಿಂತ ದೊಡ್ಡ ಕೆಲಸ. ಅದನ್ನ ಕೇಳ್ರಿ.

"ಬ್ಯಾಸಗ್ಯಾಗ 43 ಡಿಗ್ರಿ, ಯಾರು ನಡೀತಾರ?" ಅನ್ನೋರಿಗೆ: ಅವರು ಥಂಡಿ ಅಂದ್ರು, ನಾವು ಬಿಸಿಲು ಅಂತೀವಿ. ನೆಪ ಎಲ್ಲಾ ಊರಾಗೂ ಸಿಗ್ತದ. ಬಿಸಿಲಿಗೆ ಔಷಧ ಗಿಡ, ನೆರಳು, ಕುಡಿಯೋ ನೀರು. 1367ರಲ್ಲಿ ನೆರಳು ಕಟ್ಟಲಿಕ್ಕ ಬಂದಿತ್ತು ಈ ಊರಿಗೆ. ಈಗ ಬಸ್ ಸ್ಟಾಪಿಗೊಂದು ತಗಡು ಹಾಕಲಿಕ್ಕ ಬರಂಗಿಲ್ಲೇನು?

9/10
ವಾಪಸ್ ಕಮಲಾಪುರ. ಫೋಟೋದಾಗ ನಮ್ಮ ಕೆಂಪು ಬಾಳಿ. ಭೌಗೋಳಿಕ ಸೂಚಕ ಪಡೆದ ಹಣ್ಣು. ಸಾದಾ ಬಾಳಿಗಿಂತ ಗೊನಿ ಕೈಗೆ ಬರಲಿಕ್ಕ ತಿಂಗಳುಗಟ್ಟಲೆ ಹೆಚ್ಚು ಕಾಯಬೇಕು, ಅದಕ್ಕೇ ತುಟ್ಟಿ. ಹಣ್ಣು ಒಂದೇ ಊರೂರು ತಿರುಗ್ತದ, ಅದಕ್ಕ ಯಾರೂ "ಯಾರ ಜೋಡಿ?" ಅಂತ ಕೇಳಂಗಿಲ್ಲ.

ಇಲ್ಲಿ ನಂದೊಂದು ತಪ್ಪು ಒಪ್ಪಿಕೋಬೇಕು. ಎರಡು ವರ್ಷದ ಹಿಂದ ಒಬ್ಬ ಹೆಣ್ಮಗಳು ಸೈಕಲ್ ಮ್ಯಾಲೆ, ಹಿಂದ ಚೀಲ ಕಟಗೊಂಡು, ಬೀದರ್ ಕಡೆಯಿಂದ ಬಂದು ನಮ್ಮೂರಾಗ ಚಹಾ ಕುಡೀಲಿಕ್ಕ ನಿಂತಿದ್ದಳು. ಸುತ್ತ ಮಂದಿ ಕೂಡಿತು. "ಗಂಡ ಎಲ್ಲಿದ್ದಾನ?" ಅಂತ ಒಬ್ಬರು ಕೇಳಿದರು. ನಾ ಅಲ್ಲೇ ಇದ್ದೆ. ನನ್ನ ಗೆಳತಿ ಕಿವ್ಯಾಗ "ಮನಿ ಬಿಟ್ಟು ಓಡಿ ಬಂದಾಳ ನೋಡು" ಅಂತ ಪಿಸುಗುಟ್ಟಿ ನಕ್ಕಾಕಿ ನಾನೇ. ಆಕಿ ಚಹಾದ ರೊಕ್ಕ ಕೊಟ್ಟು, ಬಿಸ್ಕಿಟ್ ಅರ್ಧಕ್ಕೇ ಬಿಟ್ಟು ಹೋದಳು.

ಲಾಡ್ಜಿನ ಕಾಕಾ ನನ್ನ ಕಾರ್ಡ್ ತಿರುಗಿಸಿ ನೋಡಿದಾಗ ನನಗ ನೆನಪಾದದ್ದು ಆಕಿ. ಒಂಟಿ ಮನುಷ್ಯಳಿಗೆ ಊರು ಕಟ್ಟೋದು ಬರೀ ರಸ್ತಾ, ಶೌಚಾಲಯದ ಕೆಲಸ ಅಲ್ಲ. ನನ್ನ ಬಾಯಿ, ನಿಮ್ಮ ಕಣ್ಣು, ಅದರ ಕೆಲಸಾನೂ ಅದ. ಆಕಿಗೆ ನಾ "ಕುಂದರ್ರಿ ಅಕ್ಕಾ, ನೀರು ಬೇಕೇನು?" ಅಂದಿದ್ದರ ಅಷ್ಟೇ ಸಾಕಿತ್ತು. ಅದಕ್ಕ ಯಾವ ಸರ್ಕಾರದ ಅನುದಾನನೂ ಬೇಕಿರಲಿಲ್ಲ.

10/10
ಮೂರು ದಿನಕ್ಕ ನನ್ನ ಖರ್ಚು 1,140 ರೂಪಾಯಿ. ಬಸ್ಸು ಸೊನ್ನೆ. ಆಟೋ, ಊಟ, ಭಜಿ, ಅತ್ತಿ ಮನಿಗೆ ಒಯ್ದ ಹಣ್ಣು ಸೇರಿ.

ಈಗ ನಿಮ್ಮ ಸರದಿ. "ಸೂಪರ್ ಪೋಸ್ಟ್ ಅಕ್ಕಾ" ಅಂತ ಬರೆದು ಮುಂದ ಹೋಗಬ್ಯಾಡ್ರಿ.

ಹುಡುಗ್ಯಾರು: ಒಂದು ಭಾನುವಾರ, ಒಂದೇ ಒಂದು, ಒಬ್ಬೇಕಿನೇ ಹೋಗ್ರಿ. ಒಬ್ಬೇಕಿ ಆಗಲಿಲ್ಲ ಅಂದ್ರ ಇಬ್ಬರು ಹೋಗ್ರಿ. ಬೆಳಕಿದ್ದಾಗ ಹೋಗ್ರಿ, ಮನ್ಯಾಗ ಹೇಳಿ ಹೋಗ್ರಿ. ಕದ್ದು ಹೋದ್ರ ಅದು ತಪ್ಪಿಸಿಕೊಂಡದ್ದು ಆಗ್ತದ, ಹೇಳಿ ಹೋದ್ರ ಹಕ್ಕು ಆಗ್ತದ. ಅಪ್ಪ "ಯಾರ ಜೋಡಿ?" ಅಂತ ಕೇಳ್ತಾರ. ಕೇಳಲಿ. ಮೂರನೇ ಸಲಕ್ಕ "ಎಷ್ಟಕ್ಕ ಬರ್ತಿ?" ಅಂತ ಕೇಳ್ತಾರ. ನಮ್ಮಪ್ಪ ಈಗ ಅಲ್ಲಿಗೆ ಬಂದಾನ.

ಹುಡುಗರು: ನಿಮಗೆ ಊರು ಈಗಾಗಲೇ ತೆರೆದದ. ಒಬ್ಬೇಕಿನೇ ಕುಂತ ಹುಡುಗಿ ಕಂಡ್ರ ದಿಟ್ಟಿಸಬ್ಯಾಡ್ರಿ, "ಹೆಲ್ಪ್ ಬೇಕೇನು" ಅಂತ ಹಿಂದ ಹೋಗಬ್ಯಾಡ್ರಿ. ನಿಮ್ಮ ಪಾಡಿಗೆ ನೀವು ಹೋಗ್ರಿ. ಅದೇ ದೊಡ್ಡ ಹೆಲ್ಪು.

ಎಲ್ಲರೂ: ಹೋದ ಕಡೆ ಕೀಲಿ ಹಾಕಿದ ಶೌಚಾಲಯ, ಬೋರ್ಡಿಲ್ಲದ ಸ್ಮಾರಕ, ನೆರಳಿಲ್ಲದ ಬಸ್ ಸ್ಟಾಪ್ ಕಂಡ್ರ ಫೋಟೋ ತಗೀರಿ. ರೀಲೂ ಹಾಕ್ರಿ, ಸಂಬಂಧಪಟ್ಟ ಆಫೀಸಿಗೆ ಅರ್ಜಿನೂ ಹಾಕ್ರಿ. ಸ್ವೀಕೃತಿ ತಗೋರಿ. ನಾ ನಂದು ಕೊಟ್ಟು ಬಂದೀನಿ, ಅರ್ಧ ಪುಟ, ಕನ್ನಡದಾಗ. ಸ್ವೀಕೃತಿ ಫೋಟೋನೇ ಈ ಸರಣಿಯ ಕಡೀ ಫೋಟೋ.

ಆಮೇಲೆ ರೊಕ್ಕ ಕೂಡಿದಾಗ ಕೋಪನ್‌ಹೇಗನ್ನಿಗೂ ಹೋಗೋಣ. ಅಲ್ಲಿ ಯಾರರೇ "ನಿಮ್ಮೂರು ಹ್ಯಾಂಗದ?" ಅಂತ ಕೇಳಿದ್ರ ಹೇಳಲಿಕ್ಕ ನಮ್ಮ ಹತ್ರ ಏನರೇ ಇರಬೇಕಲ್ಲ.

#ಕಲಬುರಗಿ #ಕಮಲಾಪುರ #ಒಬ್ಬೇಕಿನೇ #ಯಾರಜೋಡಿನೂಅಲ್ಲ